ಮಕ್ಕಳ ಡ್ರಿಪ್ ಕೈ ಕೊಟ್ಟಾಗ ಎಲ್ಲಿಂದ ನೋಡ್ಕೊಂಡು ಬರ್ಬೇಕು

ದಾವಣಗೆರೆಲಿ ಮಕ್ಕಳ ವಾರ್ಡಲ್ಲಿ ಸ್ಟಾಫ್ ನರ್ಸ್ ಆಗಿ ಹನ್ನೊಂದು ವರ್ಷ ಆಯ್ತು. ನೈಟ್ ಡ್ಯೂಟಿಲಿ ಕಿವಿಗೆ ಜಾಸ್ತಿ ಬೀಳೋ ಮಾತು ಅಂದ್ರೆ "ಸಿಸ್ಟರ್, ಬಾಟ್ಲಿ ನಿಂತೈತೆ, ಚೂರು ಬಂದು ನೋಡ್ರಿ" ಅನ್ನೋದು. ಹೊಸದಾಗಿ ಸೇರಿದವರು ಓಡಿಹೋಗಿ ತಲೆ ಎತ್ತಿ ಬಾಟ್ಲಿ ನೋಡಿ ಸೀದಾ ಹನಿ ವೇಗ ಹೆಚ್ಚು ಕಮ್ಮಿ ಮಾಡೋ ರೋಲರ್ ಮೇಲೆ ಹೆಬ್ಬೆರಳು ಇಡ್ತಾರೆ, ಮೊದಲನೇ ವರ್ಷ ನಾನೂ ಹಂಗೇ ಮಾಡ್ತಿದ್ದೆ, ಒಂದಿನ ಚನ್ನಗಿರಿ ಕಡೆಯಿಂದ ಬಂದಿದ್ದ ಅಡಿಕೆ ತೋಟದ ಅಣ್ಣ ಒಬ್ರು ಮಗಳ ಮಂಚದ ಪಕ್ಕ ನಿಂತ್ಕೊಂಡು ಹೇಳಿದ್ರು: "ಸಿಸ್ಟರ್, ತೋಟದಾಗೆ ಡ್ರಿಪ್ ಬರ್ತಿಲ್ಲ ಅಂದ್ರೆ ನಾವು ಮೊದ್ಲು ವಾಲ್ ತಿರುವಲ್ಲ, ಗಿಡದ ಬುಡ ನೋಡ್ತೀವಿ, ಆಮ್ಯಾಲೆ ಪೈಪ್ ಹಿಡ್ಕಂಡು ಹಿಂದಕ್ಕೆ ಬರ್ತೀವಿ. ನೀವು ಮೊದ್ಲಿಗೇ ವಾಲ್ ತಿರುವಿದ್ರೆ ಹೆಂಗ್ರಿ?"

ಆಗ ಆ ಮಗುವಿನ ಕೈಗೆ ಸುತ್ತಿದ್ದ ಬ್ಯಾಂಡೇಜ್ ಬಿಚ್ಚಿದೆ. ಬೆರಳು ಬನ್ನಿನ ಥರ ಉಬ್ಬಿದ್ವು, ಹಿಂಗೈ ಚರ್ಮ ಬಿಗಿದು ಮಿಂಚ್ತಿತ್ತು, ಮುಟ್ಟಿದ್ರೆ ತಣ್ಣಗೆ, ಪ್ಲಾಸ್ಟರ್ ಅಂಚು ಚರ್ಮದೊಳಗೆ ಕೂತು ಗೆರೆ ಬಿದ್ದಿತ್ತು. ಕ್ಯಾನುಲಾ, ಅಂದ್ರೆ ನರದೊಳಗೆ ಇಟ್ಟಿರೋ ಸಣ್ಣ ಪ್ಲಾಸ್ಟಿಕ್ ಕೊಳವೆ, ನರದಿಂದ ಆಚೆ ಬಂದು ಎಷ್ಟೋ ಹೊತ್ತಾಗಿತ್ತು, ನೀರೆಲ್ಲಾ ಮಾಂಸಕ್ಕೆ ಹೋಗ್ತಿತ್ತು. ನಾನು ರೋಲರ್ ಪೂರ್ತಿ ತೆಗೆದಿದ್ರೆ ಇನ್ನೂ ನೂಕಿರ್ತಿದ್ದೆ. ಅವತ್ತಿಂದ ನಮ್ಮ ವಾರ್ಡಲ್ಲಿ ಯಾರೇ ಹೊಸಬ್ರು ಬರ್ಲಿ ನಾನು ಹೇಳ್ಕೊಡೋ ದಾರಿ ಒಂದೇ, ಕೈಯಿಂದ ಶುರು ಮಾಡಿ ಬಾಟ್ಲಿ ಕಡೆಗೆ ಹೋಗ್ರಿ, ಬಾಟ್ಲಿಯಿಂದ ಕೈ ಕಡೆಗೆ ಬರ್ಬೇಡ್ರಿ. ಇಲ್ಲಿ ಬರೆದಿರೋದೂ ಅದೇ ದಾರೀಲಿ. ಮಗು ಜೊತೆ ಇರೋ ಅಪ್ಪ ಅಮ್ಮ ಅಜ್ಜಿ ಓದ್ತಿದ್ರೆ ಒಂದು ಮಾತು, ನೋಡಿ, ಕರೀರಿ, ಎಷ್ಟು ಸಲ ಬೇಕಾದ್ರೂ ಕರೀರಿ, ಆದ್ರೆ ರೋಲರ್ ಮತ್ತೆ ನೀರು ಅಳತೆಯಾಗಿ ತಳ್ಳೋ ಪಂಪಿನ ಬಟನ್ ಮಾತ್ರ ಮುಟ್ಬೇಡಿ.

ರಿಪೇರಿಗೆ ಮುಂಚೆ ಒಂದು ಲೆಕ್ಕ

8 ಕೆಜಿ ಮಗು ಮೈಯಲ್ಲಿರೋ ರಕ್ತ ಎಲ್ಲಾ ಸೇರಿ ಸುಮಾರು 640 ಎಂಎಲ್, ಕೆಜಿಗೆ 80 ಅಂತ ಲೆಕ್ಕ. ತಲೆ ಮೇಲೆ ನೇತಾಕಿರೋ ಬಾಟ್ಲಿ 500 ಎಂಎಲ್. ದೊಡ್ಡವರಿಗೆ ಬಾಟ್ಲಿ ಅರ್ಧ ಗಂಟೆ ಬೇಗ ಮುಗಿದ್ರೆ ಬಹಳ ಸಲ ಮೈ ತಡ್ಕೊಳ್ಳುತ್ತೆ, ಈ ಕೂಸಿಗೆ ಆ ಬಾಟ್ಲಿ ಪೂರ್ತಿ ಹೋದ್ರೆ ಮೈಯಲ್ಲಿರೋ ರಕ್ತದ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು ಸುರಿದಂಗೆ. ಅದಕ್ಕೇ ಮಕ್ಕಳಲ್ಲಿ ಎಲ್ಲಾನೂ ತೂಕದ ಮೇಲೆ.

ಸಾಮಾನ್ಯ ದಿನದ ಅಗತ್ಯಕ್ಕೆ 1957ರಲ್ಲಿ ಹಾಲಿಡೇ ಮತ್ತೆ ಸೆಗಾರ್ ಅನ್ನೋ ಇಬ್ರು ಡಾಕ್ಟ್ರು ಕೊಟ್ಟ ಲೆಕ್ಕ ಇವತ್ತಿಗೂ ನಡೀತಿದೆ: ಗಂಟೆಗೆ ಮೊದಲ 10 ಕೆಜಿಗೆ ಕೆಜಿಗೆ 4 ಎಂಎಲ್, ಮುಂದಿನ 10 ಕೆಜಿಗೆ 2, ಆಮೇಲಿಂದಕ್ಕೆ 1. ಅಂದ್ರೆ 8 ಕೆಜಿಗೆ 32, 14 ಕೆಜಿಗೆ 48, 25 ಕೆಜಿಗೆ 65. ಆರ್ಡರ್ ಬರೆಯೋದು ಡಾಕ್ಟ್ರೇ, ಹಾರ್ಟು ಕಿಡ್ನಿ ಮಿದುಳು ಜ್ವರ ಅಂದ್ರೆ ಇನ್ನೂ ಕಮ್ಮಿ ಬರೀಬಹುದು, ಡೆಂಗ್ಯೂ ಅಂದ್ರೆ ಬೇರೆ ಥರ, ಹುಟ್ಟಿದ ಕೂಸುಗಳದ್ದು ಪೂರ್ತಿ ಬೇರೆ. ಆದ್ರೆ ಈ ಲೆಕ್ಕ ತಲೇಲಿ ಇದ್ರೆ 8 ಕೆಜಿ ಮಗುವಿಗೆ ಪಂಪ್ ಮೇಲೆ 320 ಅಂತ ಕಂಡ ಕೂಡ್ಲೇ ಎದೆ ಧಸಕ್ ಅನ್ನುತ್ತೆ, ಆ ಧಸಕ್ ಬೇಕು.

ಹನಿ ನಿಂತೋಗಿದೆ

ಮೊದಲು ಕೈ. ಟೇಪು ಸ್ಪ್ಲಿಂಟು ಏನಿದ್ರೂ ಸೂಜಿ ಜಾಗ ಕಣ್ಣಿಗೆ ಕಾಣ್ಬೇಕು, ಪಾರದರ್ಶಕ ಟೇಪೇ ಬೇಕು ಅನ್ನೋದು ಅದಕ್ಕೆ. ಊದಿದೆಯಾ, ಇನ್ನೊಂದು ಕೈಗೆ ಹೋಲಿಸಿದ್ರೆ ದಪ್ಪ ಇದೆಯಾ, ತಣ್ಣಗಿದೆಯಾ, ಬಿಳಚಿಕೊಂಡಿದೆಯಾ, ಕೆಂಪು ಗೆರೆ ಮೇಲಕ್ಕೆ ಹೋಗಿದೆಯಾ, ಮುಟ್ಟಿದ್ರೆ ಅಳುತ್ತಾ. ಮುಟ್ಟು, ನೋಡು, ಹೋಲಿಸು, ಗಂಟೆಗೊಂದು ಸಲ, ನಿದ್ದೆ ಮಾಡ್ತಿರೋ ಮಗುವಿಗೂನು. ಇದರಲ್ಲಿ ಒಂದು ಇದ್ರೂ ಡ್ರಿಪ್ ನಿಲ್ಸಿ, ಮುಂದಿನ ಯಾವ ರಿಪೇರಿನೂ ಬೇಡ.

ಕೈ ಚೆನ್ನಾಗಿದ್ರೆ ಮೊಣಕೈ ಮಣಿಕಟ್ಟು ಮಡಚಿದೆಯಾ ನೋಡಿ, ಕೈ ನೆಟ್ಟಗೆ ಮಾಡಿದ ಕೂಡ್ಲೇ ಹನಿ ಬಿದ್ರೆ ಅಷ್ಟೇ ಕಾರಣ. ಆಮೇಲೆ ಥ್ರೀ ವೇ, ಅಂದ್ರೆ ಮೂರು ಬಾಯಿಯ ತಿರುಗಿಸೋ ಪುಟ್ಟ ನಲ್ಲಿ ಕಡೆ ಬನ್ನಿ, ಇಂಜೆಕ್ಷನ್ ಕೊಟ್ಟವರು ತಿರುಗಿಸಿ ಹಂಗೇ ಬಿಟ್ಟು ಹೋಗಿರ್ತಾರೆ, ನಮ್ಮ ವಾರ್ಡಲ್ಲಿ ಹನಿ ನಿಲ್ಲೋದಕ್ಕೆ ಎರಡನೇ ದೊಡ್ಡ ಕಾರಣ ಇದೇ. ಆಮೇಲೆ ಟ್ಯೂಬ್ ಮಗುವಿನ ಬೆನ್ನಿನ ಕೆಳಗೋ ಮಂಚದ ಕಂಬಿ ಸಂದೀಲೋ ಸಿಕ್ಕಾಕ್ಕೊಂಡಿದೆಯಾ ಅಂತ ಬೆರಳಲ್ಲಿ ಸವರ್ಕೊಂಡು ಮೇಲಕ್ಕೆ ಹೋಗಿ.

ಆಮೇಲೆ ಬ್ಯುರೆಟ್, ಬಾಟ್ಲಿ ಕೆಳಗೆ ಸ್ವಲ್ಪ ಸ್ವಲ್ಪವೇ ನೀರು ಅಳೆದು ತುಂಬೋ ಡಬ್ಬಿ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದರ ಒಳಗೆ ಏನಿದೆ ಅಂತ ತಿಳ್ಕೊಳ್ದೇ ಎಷ್ಟೋ ಜನ ವರ್ಷಗಟ್ಲೆ ಹಾಕ್ತಾರೆ. ಅದು ಗಟ್ಟಿ ಪ್ಲಾಸ್ಟಿಕ್ ಕೊಳವೆ, ನೀರು ಕೆಳಗಿಳೀಬೇಕು ಅಂದ್ರೆ ಮೇಲಿಂದ ಗಾಳಿ ಒಳಗೆ ಬರ್ಲೇಬೇಕು, ಅದಕ್ಕೆ ಮೇಲೊಂದು ಗಾಳಿ ಕಂಡಿ, ಅದರಲ್ಲಿ ಫಿಲ್ಟರ್. ಬ್ಯುರೆಟ್ ತುಂಬೋವಾಗ ಮೂತಿವರೆಗೂ ತುಂಬಿದ್ರೆ ಇಲ್ಲಾ ತಲೆಕೆಳಗು ಮಾಡಿದ್ರೆ ಫಿಲ್ಟರ್ ನೆಂದು ಮುಚ್ಕೊಳ್ಳುತ್ತೆ, ಆಗ ನೀರಿದ್ರೂ ಹನಿ ಬೀಳಲ್ಲ, ಸೆಟ್ ಬದಲಾಯಿಸಬೇಕು. ಕಂಡಿಗೆ ಕ್ಲ್ಯಾಂಪ್ ಇದ್ರೆ ಅದು ತೆಗೆದಿದೆಯಾ ನೋಡಿ. ತಳದಲ್ಲಿ ಒಂದು ತೇಲೋ ಬಿಲ್ಲೆಯೋ ಗುಂಡೋ ಇರುತ್ತೆ, ನೀರು ಮುಗಿದಾಗ ಅದು ತೂತು ಮುಚ್ಚಿ ಗಾಳಿ ಹೋಗದಂಗೆ ತಡೆಯುತ್ತೆ, ಕೆಲವೊಮ್ಮೆ ಮತ್ತೆ ನೀರು ತುಂಬಿದ್ರೂ ಅಂಟ್ಕೊಂಡೇ ಇರುತ್ತೆ. ಆಗ ಕೆಳಗಿನ ರೋಲರ್ ಮುಚ್ಚಿ, ಬ್ಯುರೆಟ್ಟಲ್ಲಿ 20-30 ಎಂಎಲ್ ಬಿಟ್ಟು, ಹನಿ ಬೀಳೋದು ಕಾಣೋ ಡ್ರಿಪ್ ಚೇಂಬರ್ ಮೆತ್ತಗೆ ಹಿಸುಕಿ ಬಿಡಿ, ಬಿಲ್ಲೆ ಎದ್ದು ತೇಲುತ್ತೆ.

ಬಾಟ್ಲಿ ಮೆತ್ತನೆ ಬ್ಯಾಗ್ ಆದ್ರೆ ಅದು ತಾನೇ ಕುಗ್ಗುತ್ತೆ, ಗಟ್ಟಿ ಬಾಟ್ಲಿ ಆದ್ರೆ ಅದಕ್ಕೂ ಗಾಳಿ ಬೇಕು. ಅದಕ್ಕೆ ಗಾಳಿ ಕಂಡಿ ಇರೋ ಸೆಟ್ಟೇ ಸಿಗುತ್ತೆ, ಬಾಟ್ಲಿ ಬುಡಕ್ಕೆ ಸೂಜಿ ಚುಚ್ಚೋ ಅಭ್ಯಾಸ ದಯವಿಟ್ಟು ಬಿಡಿ, ವಾರ್ಡಿನ ಗಾಳೀಲಿರೋ ಕೊಳೆಯೆಲ್ಲಾ ಆ ಸೂಜಿ ದಾರೀಲಿ ಸೀದಾ ಮಗು ರಕ್ತಕ್ಕೆ.

ಇಷ್ಟೆಲ್ಲಾ ನೋಡಿನೂ ಬೀಳ್ತಿಲ್ಲ ಅಂದ್ರೆ ಕ್ಯಾನುಲಾದಲ್ಲಿ ಹೆಪ್ಪು ಕಟ್ಟಿರಬಹುದು. ನಾವು ಮಕ್ಕಳಿಗೆ ಹಾಕೋದು ಹಳದಿ 24, ಪುಟ್ಟ ಕೂಸಿಗೆ ನೇರಳೆ 26, ದಾರದಷ್ಟು ಸಣ್ಣ ತೂತು. 1-2 ಎಂಎಲ್ ಸಲೈನ್ ಮೆತ್ತಗೆ ಬಿಟ್ಟು ನೋಡಿ, ತಡೆ ಸಿಕ್ತು ಅಂದ್ರೆ ಅಲ್ಲಿಗೆ ನಿಲ್ಸಿ ಹೊಸ ಲೈನ್ ಹಾಕಿ. ಸಣ್ಣ ಸಿರಿಂಜಲ್ಲಿ ಜೋರಾಗಿ ತಳ್ಳಿದ್ರೆ ಒತ್ತಡ ವಿಪರೀತ ಏರುತ್ತೆ, ನರ ಒಡೆಯುತ್ತೆ, ಇಲ್ಲಾ ಹೆಪ್ಪು ಒಳಗೆ ಹೋಗುತ್ತೆ.

ಹನಿ ಬೀಳ್ತಿದೆ, ಲೆಕ್ಕ ತಪ್ಪಿದೆ

ಇದು ಹೆಚ್ಚು ಅಪಾಯದ್ದು, ಯಾಕಂದ್ರೆ ನೋಡೋಕೆ ಎಲ್ಲಾ ಸರಿಯಾಗೇ ಇರುತ್ತೆ. ಒಂದು ಉದಾಹರಣೆ ಪೂರ್ತಿ ಹೇಳ್ತೀನಿ. ವಾಂತಿ ಭೇದಿ ಆಗಿ ಕಣ್ಣು ಒಳಕ್ಕೆ ಹೋಗಿರೋ 8 ಕೆಜಿ ಮಗು ಕ್ಯಾಶುವಾಲ್ಟಿಗೆ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ಲಾನ್ ಸಿ (ಮೈ ನೀರು ತೀರಾ ಬತ್ತಿದವರಿಗೆ ಡ್ರಿಪ್ ಕೊಡೋ ಕ್ರಮ) ಪ್ರಕಾರ ಒಂದು ವರ್ಷದ ಒಳಗಿನ ಮಗುವಿಗೆ ಕೆಜಿಗೆ ಒಟ್ಟು 100 ಎಂಎಲ್, ಅದರಲ್ಲಿ 30 ಮೊದಲ ಒಂದು ಗಂಟೇಲಿ, ಉಳಿದ 70 ಮುಂದಿನ 5 ಗಂಟೇಲಿ. ಅಂದ್ರೆ ಮೊದಲ ಗಂಟೆ 240 ಎಂಎಲ್. ಮಕ್ಕಳಿಗೆ ಹಾಕೋ ಸಣ್ಣ ಹನಿಯ ಮೈಕ್ರೋ ಸೆಟ್ಟಲ್ಲಿ ಅದು ನಿಮಿಷಕ್ಕೆ 240 ಹನಿ, ಎಣಿಸೋಕೇ ಆಗಲ್ಲ, ಅದಕ್ಕೆ ಅಲ್ಲಿ ದೊಡ್ಡವರ ಸೆಟ್ ಹಾಕ್ತಾರೆ, 20 ಹನಿಗೆ 1 ಎಂಎಲ್, ನಿಮಿಷಕ್ಕೆ 80 ಹನಿ, ಅದು ಸರಿ. ಒಂದು ಗಂಟೆ ಆದ್ಮೇಲೆ 112ಕ್ಕೆ ಇಳಿಸ್ಬೇಕು, ಆ ಹೊತ್ತಿಗೆ ಮಗುನ ವಾರ್ಡಿಗೆ ಶಿಫ್ಟ್ ಮಾಡ್ತಿರ್ತಾರೆ, ಲಿಫ್ಟ್ ಹತ್ರ ಕಾಯ್ತಿರ್ತಾರೆ, ಯಾರೂ ಇಳಿಸಿರಲ್ಲ. ಇದು ಮೊದಲನೇ ತಪ್ಪು. ಆರು ಗಂಟೆ ಮುಗಿದು ಡಾಕ್ಟ್ರು ಗಂಟೆಗೆ 32 ಅಂತ ಬರೀತಾರೆ, ವಾರ್ಡಿನ ಸಿಸ್ಟರ್ ಅಭ್ಯಾಸದ ಮೇಲೆ ನಿಮಿಷಕ್ಕೆ 32 ಹನಿ ಎಣಿಸಿ ಬಿಡ್ತಾರೆ, ಮೈಕ್ರೋ ಸೆಟ್ಟಲ್ಲಿ 60 ಹನಿಗೆ 1 ಎಂಎಲ್ ಆದ್ರಿಂದ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ ಅನ್ನೋ ಸುಲಭ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಆದ್ರೆ ನೇತಾಡ್ತಿರೋದು ಇನ್ನೂ ಕ್ಯಾಶುವಾಲ್ಟಿ ಸೆಟ್ಟು. 32 ಹನಿ ಅಂದ್ರೆ ಗಂಟೆಗೆ 96 ಎಂಎಲ್, ಮೂರು ಪಟ್ಟು. ಯಾರನ್ನ ಕೇಳಿದ್ರೂ ಹನಿ ಸರಿಯಾಗಿ ಎಣಿಸಿದೀನಿ ಅಂತಾರೆ, ಸುಳ್ಳಲ್ಲ ಅದು.

ಪತ್ತೆ ಮಾಡೋದು ಹೆಂಗೆ ಅಂದ್ರೆ ಚೇಂಬರ್ ನೋಡಿ. ಮೈಕ್ರೋದಲ್ಲಿ ಹನಿ ಬೀಳೋ ಜಾಗದಲ್ಲಿ ತೆಳ್ಳನೆ ಲೋಹದ ಸೂಜಿ ಕಾಣುತ್ತೆ, ದೊಡ್ಡವರ ಸೆಟ್ಟಲ್ಲಿ ದಪ್ಪ ಪ್ಲಾಸ್ಟಿಕ್ ಮೂತಿ. ಅನುಮಾನ ಬಂದ್ರೆ ಕವರ್ ಮೇಲೆ ಬರೆದಿರೋ ಹನಿ ಸಂಖ್ಯೆ ಓದಿ, ಕವರ್ ಇಲ್ಲಾಂದ್ರೆ ಸೆಟ್ಟೇ ಬದಲಾಯಿಸಿ. ವಾರ್ಡಿಗೆ ಬಂದ ಪ್ರತಿ ಮಗುವಿಗೂ ಮೊದಲನೇ ಕೆಲಸ ಮೈಕ್ರೋ ಹನಿಯ ಬ್ಯುರೆಟ್ ಸೆಟ್ ಹಾಕೋದು ಅಂತ ನಾವು ಇಟ್ಕೊಂಡಿದೀವಿ.

ಸೆಟ್ ಸರಿ ಇದ್ದೂ ವೇಗ ತಾನಾಗೇ ಬದಲಾಗ್ತಿದ್ರೆ, ಮಂಚ ಮೇಲೆ ಕೆಳಗೆ ಮಾಡಿದಾರಾ, ಅಮ್ಮ ಮಗುನ ಎತ್ಕೊಂಡು ನಿಂತಿದಾರಾ, ಬಾಟ್ಲಿ ಖಾಲಿ ಆಗ್ತಾ ಬಂದಿದೆಯಾ ನೋಡಿ. ರೋಲರ್ ಒತ್ತಿರೋ ಜಾಗದಲ್ಲಿ ಪ್ಲಾಸ್ಟಿಕ್ ಟ್ಯೂಬ್ ನಿಧಾನಕ್ಕೆ ಆಕಾರ ಕಳ್ಕೊಳ್ಳುತ್ತೆ, ಅದಕ್ಕೇ ಸರಿ ಮಾಡಿಟ್ಟ ಹನಿ ಅರ್ಧ ಗಂಟೆಗೆ ಬದಲಾಗಿರುತ್ತೆ. ಸೆಟ್ ಮಾಡಿ 15 ನಿಮಿಷಕ್ಕೊಂದು ಸಲ, ಅರ್ಧ ಗಂಟೆಗೊಂದು ಸಲ ಎಣಿಸಿ, ಆಮೇಲೆ ಗಂಟೆಗೊಮ್ಮೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಹನಿ ಅಲ್ಲ, ಬ್ಯುರೆಟ್ಟಲ್ಲಿ ಎಷ್ಟು ಇಳಿದಿದೆ ಅನ್ನೋದು. ಅದರ ಮಟ್ಟದ ಪಕ್ಕ ಪ್ಲಾಸ್ಟರ್ ಅಂಟಿಸಿ ಟೈಮ್ ಬರೆದ್ರೆ ಯಾರು ಬಂದು ನೋಡಿದ್ರೂ ಗೊತ್ತಾಗುತ್ತೆ.

ಒಮ್ಮೆಲೇ ಸುರಿದೋಗಿದೆ

ಇದನ್ನ ನಾನು ಮರೆಯಲ್ಲ. ಈ ಕೆಲಸಕ್ಕೆ ಬರೋಕೆ ಮುಂಚೆ ಬೇರೆ ಕಡೆ ಇದ್ದಾಗ 11 ಕೆಜಿಯ ಗಂಡು ಮಗು, ಗಂಟೆಗೆ 42 ಎಂಎಲ್ ಪಂಪಲ್ಲಿ ಹೋಗ್ತಿತ್ತು. ಎಕ್ಸ್‌ರೇಗೆ ಕರ್ಕೊಂಡು ಹೋಗೋಕೆ ಪಂಪ್ ಬಾಗಿಲು ತೆಗೆದು ಟ್ಯೂಬ್ ಈಚೆ ಎಳೆದ್ರು, ಪಂಪಿನಲ್ಲಿರೋವಾಗ ರೋಲರ್ ಪೂರ್ತಿ ತೆಗೆದೇ ಇರುತ್ತೆ, ಅದನ್ನ ಯಾರೂ ಮುಚ್ಚಲಿಲ್ಲ, ಬ್ಯುರೆಟ್ ಇರ್ಲಿಲ್ಲ, ಬಾಟ್ಲಿ ಹಿಡ್ಕೊಂಡು ಅವರಪ್ಪ ಕೈ ಎತ್ತರಕ್ಕೆ ಚಾಚಿ ಕಾರಿಡಾರಲ್ಲಿ ನಿಂತಿದ್ರು. ಇಪ್ಪತ್ತು ನಿಮಿಷಕ್ಕೆ ಅರ್ಧ ಬಾಟ್ಲಿ ಹೋಗಿತ್ತು. ವಾಪಸ್ ಬಂದಾಗ ರೆಪ್ಪೆ ಊದಿದ್ವು, ಪಕ್ಕೆ ಸೆಳೀತಿತ್ತು, ಕೆಮ್ಮು ಶುರುವಾಗಿತ್ತು. ಡಾಕ್ಟ್ರು ರಾತ್ರಿಯೆಲ್ಲಾ ಪಕ್ಕದಲ್ಲೇ ಇದ್ದು ನೋಡ್ಕೊಂಡ್ರು, ಮಗು ಉಳೀತು.

ಈಗಿರೋ ವಾರ್ಡಲ್ಲೂ ಎರಡು ವರ್ಷದ ಕೆಳಗೆ ಇದೇ ತಪ್ಪು ಥೇಟ್ ಹಂಗೇ ಆಯ್ತು, ರೋಲರ್ ಮುಚ್ಚದೇ ಪಂಪಿಂದ ತೆಗೆದ್ರು. ಆದ್ರೆ ಬ್ಯುರೆಟ್ಟಲ್ಲಿ ಇದ್ದಿದ್ದೇ 40 ಎಂಎಲ್, ಮೇಲಿನ ಕ್ಲ್ಯಾಂಪ್ ಮುಚ್ಚಿತ್ತು, 40 ಹೋಗಿ ಬಿಲ್ಲೆ ಕೂತು ನಿಂತೋಯ್ತು. ಮನುಷ್ಯ ತಪ್ಪು ಮಾಡೇ ಮಾಡ್ತಾನೆ, ತಪ್ಪು ಮಾಡಿದ್ರೂ ಎರಡು ಗಂಟೆಗಿಂತ ಜಾಸ್ತಿ ನೀರು ಮಗುವಿನ ಹತ್ರ ಹೋಗೋಕೆ ದಾರೀನೇ ಇರಬಾರ್ದು ಅನ್ನೋದೇ ನಾನು ಬಡ್ಕೊಳ್ಳೋದು. ಬ್ಯುರೆಟ್ಟಿಗೆ ಎರಡು ಗಂಟೆದ್ದಷ್ಟೇ ತುಂಬಿ, 8 ಕೆಜಿ ಮಗುವಿಗೆ 64. ತುಂಬಿದ ಮೇಲೆ ಬಾಟ್ಲಿ ಮತ್ತೆ ಬ್ಯುರೆಟ್ ಮಧ್ಯೆ ಇರೋ ಕ್ಲ್ಯಾಂಪ್ ಮುಚ್ಚಿ. ಅದು ತೆಗೆದೇ ಇದ್ರೆ ಬ್ಯುರೆಟ್ ಇಳೀತಾ ಇಳೀತಾ ತುಂಬ್ತಾ ಇರುತ್ತೆ, ಅಳತೆಗೆ ಅರ್ಥಾನೇ ಇಲ್ಲ, ಬ್ಯುರೆಟ್ ಹಾಕಿಯೂ ಹಾಕದಂಗೆ.

ಸುರಿದೋಗಿದ್ದು ಕಂಡ್ರೆ ರೋಲರ್ ಮುಚ್ಚಿ, ಕ್ಯಾನುಲಾ ತೆಗೀಬೇಡಿ ಅದು ಬೇಕಾಗುತ್ತೆ, ಮಗುನ ಬೆನ್ನಿಗೆ ಆನಿಸಿ ಕೂರ್ಸಿ, ಉಸಿರು ಒಂದು ನಿಮಿಷ ಪೂರ್ತಿ ಎಣಿಸಿ, ಆಕ್ಸಿಜನ್ ಪ್ರಮಾಣ ನೋಡಿ, ಎಷ್ಟು ಎಂಎಲ್ ಎಷ್ಟು ಹೊತ್ತಲ್ಲಿ ಹೋಯ್ತು ಅನ್ನೋದನ್ನ ಡಾಕ್ಟ್ರಿಗೆ ಫೋನಲ್ಲೇ ಹೇಳಿ. ಬೈಸ್ಕೊಳ್ಳೋ ಭಯಕ್ಕೆ ಕಮ್ಮಿ ಹೇಳಿದ್ರೆ ಅವರ ಲೆಕ್ಕವೂ ತಪ್ಪುತ್ತೆ.

ಪಂಪ್ ಕೂಗ್ತಿದೆ

ಕೂಗಿದ ಕೂಡ್ಲೇ ಸೈಲೆನ್ಸ್ ಒತ್ತಿ ಮತ್ತೆ ಸ್ಟಾರ್ಟ್ ಒತ್ತೋದು ಬೇಡ, ಮತ್ತೆ ಕೈಯಿಂದಲೇ. ಅಡ್ಡಿ ಅಂತ ತೋರಿಸಿದ್ರೆ ಊತ, ಮಡಚಿದ ಕೈ, ಥ್ರೀ ವೇ, ಕ್ಲ್ಯಾಂಪ್, ಈ ಸಾಲಲ್ಲಿ ನೋಡಿ. ಸಿರಿಂಜ್ ಪಂಪಲ್ಲಿ ಒಂದು ವಿಷಯ ಗಮನ ಇರ್ಲಿ. ಗಂಟೆಗೆ 2 ಎಂಎಲ್ ಹೋಗ್ತಿದ್ರೆ, 50ರ ಸಿರಿಂಜ್ ಹಾಕಿದ್ರೆ, ಅಡ್ಡಿಯಾಗಿ ಬಹಳ ಹೊತ್ತಾದ ಮೇಲೇ ಅಲಾರಾಂ ಬರೋದು, ಅಷ್ಟೊತ್ತು ಮಗುವಿಗೆ ಔಷಧಿ ಹೋಗಿಲ್ಲ, ಟ್ಯೂಬಲ್ಲಿ ಒತ್ತಡ ತುಂಬಿ ಕೂತಿದೆ. ಥ್ರೀ ವೇ ಸೀದಾ ಮಗು ಕಡೆ ತಿರುವಿದ್ರೆ ಅದೆಲ್ಲಾ ಒಂದೇ ಏಟಿಗೆ ಒಳಗೆ ಹೋಗುತ್ತೆ, ಬಿಪಿ ಏರಿಸೋ ಔಷಧಿ ಇದ್ರೆ ಆ ಚೂರೇ ಸಾಕು. ಮೊದಲು ಮಗು ಕಡೆ ಮುಚ್ಚಿ, ಇನ್ನೊಂದು ಬಾಯಿಂದ ಒತ್ತಡ ಆಚೆ ಬಿಟ್ಟು, ಆಮೇಲೆ ತೆಗೀರಿ. ಕಮ್ಮಿ ವೇಗಕ್ಕೆ ಸಣ್ಣ ಸಿರಿಂಜ್, ಅಲಾರಾಂ ಒತ್ತಡ ಕಮ್ಮಿಗೆ ಇಡಿ. ಪಂಪಿನಲ್ಲಿ ತೋರಿಸೋ ಸಿರಿಂಜ್ ಕಂಪನಿ, ಸೈಜ್ ಹಾಕಿರೋದಕ್ಕೆ ಹೊಂದಬೇಕು, ಒಂದೇ 50 ಅಂದ್ರೂ ಕಂಪನಿಗೊಂದು ದಪ್ಪ, ತಪ್ಪು ಹೆಸರು ಆರಿಸಿದ್ರೆ ಹೋಗೋ ಅಳತೆಯೇ ಬೇರೆ. ಪಿಸ್ಟನ್ ತುದಿ ಹಿಡಿಕೆಯಲ್ಲಿ ಸರಿಯಾಗಿ ಕೂತಿಲ್ಲ ಅಂದ್ರೆ, ಪಂಪ್ ಮಗುಗಿಂತ ಎತ್ತರದಲ್ಲಿದ್ರೆ, ಸಿರಿಂಜ್ ತಾನಾಗೇ ಸುರಿಯುತ್ತೆ.

ಗಾಳಿ ಅಂತ ಕೂಗಿದ್ರೆ ಚೇಂಬರ್ ಅರ್ಧಕ್ಕಿಂತ ಕಮ್ಮಿ ಇದೆಯಾ ನೋಡಿ, ಮಗು ಕಡೆ ಮುಚ್ಚಿ ಗುಳ್ಳೆ ಆಚೆ ತೆಗೀರಿ. ಹೃದಯದಲ್ಲಿ ರಂಧ್ರ ಇರೋ ಮಕ್ಕಳಲ್ಲಿ ಸಣ್ಣ ಗುಳ್ಳೆಯೂ ಮಿದುಳಿಗೆ ಹೋಗಬಹುದು, ಅವರಿಗೆ ಒಂದೂ ಬಿಡ್ಬೇಡಿ.

ಪಂಪ್ ಕೂಗ್ತಿಲ್ಲ

ಇಲ್ಲೇ ಜನ ಮೋಸ ಹೋಗೋದು. ಪಂಪಿಗೆ ನರ ಯಾವುದು ಮಾಂಸ ಯಾವುದು ಗೊತ್ತಾಗಲ್ಲ, ಎಳೇ ಮಗುವಿನ ಮೆತ್ತನೆ ಚರ್ಮದಡಿ ಅದು ಸಲೀಸಾಗಿ ತಳ್ಳುತ್ತಲೇ ಇರುತ್ತೆ, ಹಸಿರು ಲೈಟು ಉರೀತಲೇ ಇರುತ್ತೆ. ಕ್ಯಾಲ್ಸಿಯಂ, ಪೊಟ್ಯಾಸಿಯಂ, ಗಟ್ಟಿ ಡೆಕ್ಸ್‌ಟ್ರೋಸ್, ಬಿಪಿ ಔಷಧಿ ಸೋರಿದ್ರೆ ಚರ್ಮ ಕರಗಿ ಹುಣ್ಣಾಗುತ್ತೆ. ಆಗ ಪಂಪ್ ನಿಲ್ಸಿ, ಕ್ಯಾನುಲಾ ಕಿತ್ತಾಕ್ಬೇಡಿ, ಅದರಿಂದಲೇ ಎಷ್ಟು ಬರುತ್ತೋ ಅಷ್ಟು ವಾಪಸ್ ಎಳೀರಿ, ಊತದ ಸುತ್ತ ಪೆನ್ನಲ್ಲಿ ಗೆರೆ ಎಳೆದು ಟೈಮ್ ಬರೀರಿ, ಕೈ ಎತ್ತರಕ್ಕಿಟ್ಟು ಡಾಕ್ಟ್ರನ್ನ ಕರೀರಿ.

ಇನ್ನೊಂದು ಕೂಗದ ತಪ್ಪು ಒತ್ತಿರೋ ನಂಬರ್ದು. 5.0ರ ಚುಕ್ಕೆ ಬೀಳದೇ 50 ಆಗೋದು, ವೇಗದ ಜಾಗದಲ್ಲಿ ಒಟ್ಟು ಅಳತೆ ಹಾಕೋದು. ನಮ್ಮಲ್ಲಿ ಒತ್ತಿದವರು ಒಬ್ರು, ಜೋರಾಗಿ ಓದಿ ಹೇಳೋರು ಇನ್ನೊಬ್ರು, ಓದೋರು ಆರ್ಡರ್ ಶೀಟ್ ನೋಡಿ ಓದ್ಬೇಕು, ಒತ್ತಿದವರ ಬಾಯಿ ಕೇಳಿ ಅಲ್ಲ.

ವೇಗ ಸರಿ, ಮಗು ಸರಿ ಇಲ್ಲ

ಬಾಟ್ಲಿ ಹೆಸರು ಓದಿ. ನೋಡೋಕೆ ಎಲ್ಲಾ ಒಂದೇ ಥರ ನೀರು. ಕಾಯಿಲೆ ಇರೋ ಮಗುವಿನ ಮೈ ನೀರು ಹಿಡಿದಿಟ್ಕೊಳ್ಳುತ್ತೆ, ಅದಕ್ಕೆ ಸೋಡಿಯಂ ಕಮ್ಮಿ ಇರೋ ಬಾಟ್ಲಿ ದಿನಗಟ್ಲೆ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿದು ವಾಂತಿ, ಮಂಪರು, ಫಿಟ್ಸ್ ಬರುತ್ತೆ. 2018ರಲ್ಲಿ ಅಮೆರಿಕದ ಮಕ್ಕಳ ತಜ್ಞರ ಸಂಘ 28 ದಿನದಿಂದ 18 ವರ್ಷದವರೆಗಿನ ಬಹುಪಾಲು ಮಕ್ಕಳಿಗೆ ರಕ್ತದಷ್ಟೇ ಸೋಡಿಯಂ ಇರೋ ನೀರೇ ಕೊಡಿ ಅಂತ ಹೇಳಿದ್ದು ಇದಕ್ಕೇ. ಡ್ರಿಪ್ ಶುರುವಾದ ಕೂಡ್ಲೇ ಮಗು ಕೈ ಉರಿ ಅಂತ ಕಿರುಚಿದ್ರೆ ಪೊಟ್ಯಾಸಿಯಂ ಬೆರೆಸಿದ್ದು ಹೆಂಗೆ ಅಂತ ಕೇಳಿ. ನೇತಾಡೋ ಬಾಟ್ಲಿಗೇ ಹಾಕಿದ್ರೆ ಅದು ಮೂತಿ ಹತ್ರ ಕೂತು ಮೊದಲು ಅದೇ ಇಳಿಯುತ್ತೆ. ಬಾಟ್ಲಿ ಕೆಳಗಿಳಿಸಿ, ಹಾಕಿ, ನಾಲ್ಕೈದು ಸಲ ಮೇಲೆ ಕೆಳಗೆ ಮಾಡಿ, ಲೇಬಲ್ ಹಚ್ಚಿ. ನಮ್ಮಲ್ಲಿ ಸಿಗೋ 10 ಎಂಎಲ್ ಆಂಪೂಲಲ್ಲಿ 20 ಮಿಲಿ ಈಕ್ವಿವಲೆಂಟ್ (ಪೊಟ್ಯಾಸಿಯಂ ಅಳೆಯೋ ಮಾನ) ಇರುತ್ತೆ, 500ರ ಬಾಟ್ಲಿಗೆ ಒಂದು ಹಾಕಿದ್ರೆನೇ ಕೈ ನರಕ್ಕೆ ಹೇಳಿರೋ ಮೇಲಿನ ಮಿತಿ ಲೀಟರಿಗೆ 40 ಮುಟ್ಟಿತು. ಸೀದಾ ನರಕ್ಕೆ ತಳ್ಳೋದಂತೂ ಯಾವತ್ತೂ ಇಲ್ಲ.

ಮಳೆಗಾಲದಲ್ಲಿ ಡೆಂಗ್ಯೂ ಮಕ್ಕಳು ಜಗಳೂರು, ಹೊಳಲ್ಕೆರೆ, ಹೊಸದುರ್ಗ ಎಲ್ಲಾ ಕಡೆಯಿಂದ ಬರ್ತಾರೆ. ಅಪಾಯದ ಚಿಹ್ನೆ ಇದ್ದವರಿಗೆ ಗಂಟೆಗೆ ಕೆಜಿಗೆ 5ರಿಂದ 7 ಎಂಎಲ್ ಒಂದೆರಡು ಗಂಟೆ, ಆಮೇಲೆ 3ರಿಂದ 5, ಆಮೇಲೆ 2ರಿಂದ 3, ಹಿಂಗೆ ಇಳಿಸ್ತಾ ಹೋಗ್ತಾರೆ. ಡೆಂಗ್ಯೂಲಿ ನರದಿಂದ ನೀರು ಹೊರಗೆ ಸೋರೋದು 24ರಿಂದ 48 ಗಂಟೆ, ಅದಾದ್ಮೇಲೆ ಹೊರಗೆ ಹೋಗಿದ್ದ ನೀರೆಲ್ಲಾ ನರಕ್ಕೆ ವಾಪಸ್ ಬರುತ್ತೆ, ಆಗಲೂ ಬಾಟ್ಲಿ ಓಡ್ತಿದ್ರೆ ಶ್ವಾಸಕೋಶ ತುಂಬುತ್ತೆ. "ಪ್ಲೇಟ್ಲೆಟ್ ಇನ್ನೂ ಕಮ್ಮಿ ಐತಲ್ರೀ, ಯಾಕೆ ಬಾಟ್ಲಿ ತೆಗೀತೀರಿ" ಅಂತ ಮನೆಯವರು ಜಗಳಕ್ಕೆ ಬರ್ತಾರೆ, ಅವರಿಗೆ ಕೂತು ಹೇಳ್ಬೇಕು, ಈಗ ಬಾಟ್ಲಿ ನಿಲ್ಸೋದೇ ಚಿಕಿತ್ಸೆ ಅಂತ. ಜಾಸ್ತಿ ಕೊಟ್ರೆ ಒಳ್ಳೇದೇ ಅನ್ನೋ ನಂಬಿಕೆ ಡಾಕ್ಟ್ರಿಗೂ ಇತ್ತು, 2011ರಲ್ಲಿ ಪ್ರಕಟವಾದ, ಉಗಾಂಡಾ, ಕೀನ್ಯಾ, ಟಾಂಜಾನಿಯಾದ 3141 ಮಕ್ಕಳ ಮೇಲೆ ನಡೆದ ಫೀಸ್ಟ್ ಅನ್ನೋ ಅಧ್ಯಯನದಲ್ಲಿ ಜ್ವರದಿಂದ ತೀರಾ ಸುಸ್ತಾದ ಮಕ್ಕಳಿಗೆ ಬೇಗ ಬೇಗ ನೀರು ಓಡಿಸಿದ ಗುಂಪಲ್ಲಿ 48 ಗಂಟೆಯೊಳಗೆ ಸತ್ತವರು ಶೇಕಡಾ 10.5ರ ಆಸುಪಾಸು, ಓಡಿಸದ ಗುಂಪಲ್ಲಿ 7.3. ವಾಂತಿ ಭೇದಿ ಮಕ್ಕಳು ಅದರಲ್ಲಿ ಇರ್ಲಿಲ್ಲ, ಅವರಿಗೆ ಪ್ಲಾನ್ ಸಿ ಹಂಗೇ ಇದೆ.

ಒಳಗೆ ಹೋಗಿದ್ದು ಸರಿಯಾಗಿ ಹೊರಗೆ ಬರ್ತಿದೆಯಾ ಅಂತ ಡೈಪರ್ ತೂಕ ಹಾಕಿ, ಒಣ ಡೈಪರ್ ತೂಕ ಕಳೆದ್ರೆ 1 ಗ್ರಾಂ ಅಂದ್ರೆ 1 ಎಂಎಲ್. ಗಂಟೆಗೆ ಕೆಜಿಗೆ 1 ಎಂಎಲ್ ಹತ್ರ ಬರ್ತಿರಬೇಕು. ಬೆಳಿಗ್ಗೆ ಅದೇ ತಕ್ಕಡೀಲಿ ಮಗು ತೂಕ.

108ರಲ್ಲಿ ಬಂದ ಮಗುವಿನ ಚೀಟೀಲಿ ದಾರೀಲಿ ಎಷ್ಟು ಹೋಯ್ತು ಅಂತ ಬಹಳ ಸಲ ಇರಲ್ಲ. ಬಾಟ್ಲಿ ಎಸೀಬೇಡಿ, ಉಳಿದಿದ್ದು ಎಷ್ಟು ನೋಡಿ ಕಳೆದು ಬರ್ಕೊಳ್ಳಿ, ಜೊತೆಗೆ ಬಂದವರನ್ನ ಇದು ಎಷ್ಟನೇ ಬಾಟ್ಲಿ ಅಂತ ಕೇಳಿ. ಡ್ಯೂಟಿ ಬದಲಾಗೋವಾಗ ಹೋಗೋರು ಬರೋರು ಇಬ್ರೂ ಮಂಚದ ಹತ್ರ ಹೋಗಿ ಮಗುವಿನ ಕೈ ಮುಟ್ಟಿ, ಬ್ಯುರೆಟ್ ಮಟ್ಟ ಒಟ್ಟಿಗೆ ಓದಿ, ಪಂಪಿನ ವೈರ್ ಪ್ಲಗ್ಗಲ್ಲಿ ಇದೆಯಾ ನೋಡಿ, ಕರೆಂಟ್ ಹೋದಾಗ ಬ್ಯಾಟರಿ ಚಾರ್ಜೇ ಆಗಿರ್ಲಿಲ್ಲ ಅಂತ ಗೊತ್ತಾಗೋದು ರಾತ್ರಿ ಎರಡು ಗಂಟೆಗೆ.